ಕುತ್ತಿಗೆಗೆ ತಿಳಿಯದಂತೆ ಬ್ರೇಕ್ ಹಾಕುವುದು

ಮೊದಲ ದಿನ ನನಗೆ ಕೀ ಸಿಗಲಿಲ್ಲ. ಮೇಷ್ಟ್ರು ಹಿಂದಿನ ಎಡಬಾಗಿಲನ್ನು ತೆರೆದು ಹಿಡಿದು, ‘ಹತ್ತಿ ಕೂತುಕೋ’ ಎಂದರು. ತಮಾಷೆ ಎಂದುಕೊಂಡೆ. ಇಪ್ಪತ್ತೆರಡು ವರ್ಷ ಬೇರೆಯವರಿಗೆ ಬಾಗಿಲು ತೆರೆದವನು ನಾನು. ನನಗಾಗಿ ಯಾರಾದರೂ ಕಾರಿನ ಬಾಗಿಲು ತೆರೆದದ್ದು ಮದುವೆಯ ದಿನವನ್ನು ಬಿಟ್ಟರೆ ಅಂದೇ. ಚಪ್ಪಲಿ ಬಿಟ್ಟು ಹತ್ತಬೇಕೇನೋ ಎಂದು ಒಂದು ಗಳಿಗೆ ನಿಂತೆ.

ಇದು 2023ರ ಆರಂಭದ ಮಾತು. ನಾನು ಕೆಲಸಕ್ಕಿರುವ ಬೆಂಗಳೂರಿನ ಟ್ರಾವೆಲ್ಸ್‌ನವರು ಐದು ವರ್ಷ ಹಳೆಯದಾದ ಮರ್ಸಿಡಿಸ್ ಬೆಂಜ್ ಎಸ್ 350ಡಿ ಕಾರೊಂದನ್ನು ತಂದಿದ್ದರು. ಪುಣೆ ಹತ್ತಿರದ ಚಾಕಣ್‌ನಲ್ಲಿ ಜೋಡಿಸಿದ ಗಾಡಿ. 2018ರಲ್ಲಿ ಈ ಮಾದರಿ ಮಾರುಕಟ್ಟೆಗೆ ಬಂದಾಗ ಶೋರೂಮ್ ಬೆಲೆಯೇ ಒಂದು ಕೋಟಿ ಮೂವತ್ತಮೂರು ಲಕ್ಷ. ಆ ಅಂಕಿಯನ್ನು ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿ, ‘ಹಾಗಿದ್ದರೆ ನೀವು ಅದನ್ನು ಮುಟ್ಟಲೇಬೇಡಿ’ ಎಂದಳು. ಮಾಲೀಕರು ಇನ್ನೋವಾ ಡ್ರೈವರುಗಳ ಪೈಕಿ ನನ್ನನ್ನೇ ಆರಿಸಿದ್ದಕ್ಕೆ ಕಾರಣ ನನ್ನ ಕೌಶಲವೇನಲ್ಲ. ‘ನೀನು ನಿಧಾನಸ್ಥ’ ಎಂದು ಬಿಟ್ಟರು, ಅಷ್ಟೇ. ಅದು ಹೊಗಳಿಕೆಯೋ ದೂರೋ ಇಂದಿಗೂ ತಿಳಿದಿಲ್ಲ.

ಕಲಿಸಲು ಬಂದವರು ದೊಡ್ಡ ಹೋಟೆಲೊಂದರಲ್ಲಿ ಬಹಳ ಕಾಲ ಡ್ರೈವರ್ ಆಗಿದ್ದು ನಿವೃತ್ತರಾದ ಹಿರಿಯರು. ಶೆಡ್ಡಿನಲ್ಲಿ ಎಲ್ಲರೂ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಾರೆ. ಬೆಳಿಗ್ಗೆ ಇಸ್ತ್ರಿ ಮಾಡಿದ ಬಿಳಿ ಷರಟಿನಲ್ಲಿ ಬಂದರೆ ಸಂಜೆಗೂ ಅದರಲ್ಲಿ ಒಂದು ಸುಕ್ಕು ಕಾಣಿಸುವುದಿಲ್ಲ. ನನ್ನನ್ನು ಹಿಂದೆ ಕೂರಿಸಿದ್ದೇಕೆ ಎಂದು ಕೇಳಿದ್ದಕ್ಕೆ, ‘ಈ ಗಾಡಿಯನ್ನು ಕೊಳ್ಳುವವನು ಓಡಿಸುವುದಿಲ್ಲ, ಓಡಿಸುವವನು ಕೊಳ್ಳುವುದಿಲ್ಲ. ನೀನು ಯಾರಿಗೆ ಅಡುಗೆ ಮಾಡುತ್ತಿದ್ದೀಯೋ ಅವರ ಎಲೆಯ ಮುಂದೆ ಒಂದು ಸಲ ಕೂತು ನೋಡು’ ಎಂದರು.

ಕೂತು ನೋಡಿದೆ. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಈ ಗಾಡಿಯಲ್ಲಿ 3,165 ಮಿಲಿಮೀಟರ್ ಅಂತರ. ನಾನು ಹಾಸನದಲ್ಲಿ ಸ್ಟೀರಿಂಗ್ ಹಿಡಿಯಲು ಕಲಿತ ಅಂಬಾಸಿಡರ್‌ನಲ್ಲಿ ಅದು 2,464. ಹೆಚ್ಚಾದ ಎಪ್ಪತ್ತು ಸೆಂಟಿಮೀಟರ್ ಪೂರ್ತಿಯಾಗಿ ನನ್ನ ಮೊಣಕಾಲಿನ ಮುಂದೆ ಖಾಲಿ ಬಿದ್ದಿತ್ತು. ಮೇಷ್ಟ್ರು ಬಾಗಿಲಿನ ಮೇಲಿರುವ, ಸೀಟಿನ ಆಕಾರದಲ್ಲೇ ಕೆತ್ತಿದ ಗುಂಡಿಗಳನ್ನು ತೋರಿಸಿದರು. ಬೆನ್ನಿನ ಗುಂಡಿಯನ್ನು ಹಿಂದಕ್ಕೆ ತಳ್ಳಿದರೆ ಬೆನ್ನು ಹಿಂದಕ್ಕೆ, ತೊಡೆಯ ಗುಂಡಿ ಎತ್ತಿದರೆ ತೊಡೆ ಮೇಲಕ್ಕೆ. ಇನ್ನೊಂದನ್ನು ಒತ್ತಿದಾಗ ಮುಂದಿನ ಎಡ ಸೀಟು ತನ್ನಷ್ಟಕ್ಕೆ ತಾನು ಮುಂದಕ್ಕೆ ತೆವಳಿತು. ಯಾರೂ ಕೂತಿರದ ಸೀಟು ಹಾಗೆ ಸರಿಯುವುದನ್ನು ಕಂಡು ನನ್ನ ಮೈ ಸ್ವಲ್ಪ ಜುಮ್ಮೆಂದಿತು. ಮಸಾಜ್ ಇದೆ ಎಂದರು. ಬೆನ್ನಿನ ಹಾಸಿನೊಳಗೆ ಹದಿನಾಲ್ಕು ಗಾಳಿಚೀಲಗಳಿವೆಯಂತೆ. ಬಿಸಿಕಲ್ಲಿನ ಮಸಾಜ್ ಹಾಕಿದಾಗ ಬೆಚ್ಚಗಿನ ಮುಷ್ಟಿಯೊಂದು ಸೊಂಟದಿಂದ ಭುಜದವರೆಗೆ ಹತ್ತಿ ಬಂದಿತು. ಇಪ್ಪತ್ತೆರಡು ವರ್ಷ ಕಾರಿನಲ್ಲಿ ಕೂತು ಬೆನ್ನುನೋವು ತಂದುಕೊಂಡವನಿಗೆ ಬೆನ್ನು ಒತ್ತುವ ಕಾರೂ ಇದೆ, ಆದರೆ ಆ ಸೌಕರ್ಯ ಹಿಂದೆ ಕೂತವರಿಗೆ ಎಂಬುದು ಆ ಹೊತ್ತಿನಲ್ಲಿ ಕೊಂಚ ಕಹಿಯೆನಿಸಿತು. ಮುಂದೆಯೂ ಮಸಾಜ್ ಇರಬಹುದಲ್ಲ ಎಂದು ಕೇಳಿದೆ. ‘ಇದ್ದರೂ ನಿನಗಲ್ಲ’ ಎಂದು ಮೇಷ್ಟ್ರು ಗಾಡಿ ಹೊರಡಿಸಿದರು.

ಹೊರಟದ್ದು ನನಗೆ ಗೊತ್ತಾಗಲಿಲ್ಲ. ಇದನ್ನು ಉತ್ಪ್ರೇಕ್ಷೆ ಎಂದುಕೊಳ್ಳಬೇಡಿ. ಶೆಡ್ಡಿನ ಕಂಬ ಹಿಂದಕ್ಕೆ ಸರಿಯುವುದು ಕಂಡಾಗ ಗಾಡಿ ಹೊರಟಿದೆ ಎಂದು ತಿಳಿಯಿತು. ಗಾಜು ಎರಡು ಪದರದ್ದು. ಯಲಹಂಕದ ಸಿಗ್ನಲ್‌ನಲ್ಲಿ ಪಕ್ಕದಲ್ಲಿ ನಿಂತ ಆಟೋದವನು ಬಾಯಿ ತೆರೆದು ಯಾರನ್ನೋ ಬೈಯುತ್ತಿದ್ದ. ಅವನ ಬಾಯಿ ಕಾಣಿಸುತ್ತಿತ್ತು, ಬೈಗುಳ ಕೇಳಿಸುತ್ತಿರಲಿಲ್ಲ. ಕೇಳಿಸಿದ್ದು ನನ್ನ ಜೇಬಿನ ಚಿಲ್ಲರೆಯ ಸದ್ದು. ಅಂಥ ಮೌನದಲ್ಲಿ ಹಿಂದೆ ಕೂತವರ ಪಿಸುಮಾತೂ ಡ್ರೈವರನ ಕಿವಿಗೆ ಬಿದ್ದೇ ಬೀಳುತ್ತದೆ. ಕೇಳಿಸಿಕೊಳ್ಳದಿರುವುದೂ ಈ ಕೆಲಸದ ಒಂದು ಭಾಗ ಎಂದು ಆಮೇಲೆ ಗೊತ್ತಾಯಿತು.

ಸ್ವಲ್ಪ ದೂರ ಹೋದ ಮೇಲೆ ಮೇಷ್ಟ್ರು ಒಂದು ಆಟ ಹೂಡಿದರು. ಮೊದಲನೆಯ ಸಿಗ್ನಲ್‌ನಲ್ಲಿ ಗಾಡಿ ನಿಂತಿತು. ನಾನು ಕಿಟಕಿಯಾಚೆ ನೋಡುತ್ತಿದ್ದವನು ಹಾಗೇ ನೋಡುತ್ತಿದ್ದೆ. ಎರಡನೆಯ ಸಿಗ್ನಲ್‌ನಲ್ಲಿ ಗಾಡಿ ನಿಂತಾಗ ನನ್ನ ತಲೆ ಒಮ್ಮೆ ಮುಂದಕ್ಕೆ ಬಾಗಿ ಮತ್ತೆ ಹಿಂದಿನ ದಿಂಬಿಗೆ ಬಡಿಯಿತು. ‘ಮೊದಲನೆಯದು ನಾನು. ಎರಡನೆಯದು ನೀನು. ಮೊನ್ನೆ ನಿನ್ನ ಇನ್ನೋವಾದ ಹಿಂದೆ ಕೂತು ಬಂದಿದ್ದೆನಲ್ಲ, ಆಗ ಕಲಿತೆ’ ಎಂದರು. ನನಗೆ ಮುಖ ಎತ್ತಲಾಗಲಿಲ್ಲ. ‘ಹಿಂದೆ ಕೂತವರಿಗೆ ಗಾಡಿ ನಿಂತದ್ದು ಕಿಟಕಿಯಿಂದ ತಿಳಿಯಬೇಕು, ಕತ್ತಿನಿಂದಲ್ಲ.’ ಅಂದಿನ ಪಾಠ ಅಷ್ಟೇ.

ಎರಡನೆಯ ದಿನ ಕೀ ಸಿಕ್ಕಿತು, ಮಾನ ಹೋಯಿತು. ಇನ್ನೋವಾದಲ್ಲಿ ಇಂಡಿಕೇಟರ್ ಕಡ್ಡಿ ಸ್ಟೀರಿಂಗಿನ ಬಲಕ್ಕಿರುತ್ತದೆ. ಬೆಂಜ್‌ನಲ್ಲಿ ಅದು ಎಡಕ್ಕೆ, ವೈಪರ್ ಕೂಡ ಅದೇ ಕಡ್ಡಿಯಲ್ಲಿ. ಬಲಗಡೆ ಇರುವ ಕಡ್ಡಿ ಗೇರಿನದು. ಕೆಳಗೆ ಒತ್ತಿದರೆ ಮುಂದಕ್ಕೆ, ಮೇಲೆತ್ತಿದರೆ ರಿವರ್ಸ್, ತುದಿಯ ಗುಂಡಿ ಅದುಮಿದರೆ ಪಾರ್ಕಿಂಗ್. ಸ್ಟೀರಿಂಗ್ ಪಕ್ಕದಲ್ಲಿ ಗೇರ್ ಇರುವುದು ನನಗೆ ಹೊಸದೇನಲ್ಲ. ಹಳೆಯ ಅಂಬಾಸಿಡರ್‌ನ ಹ್ಯಾಂಡ್ ಗೇರ್ ಎಳೆದು ತಳ್ಳಿಯೇ ಬೆಳೆದವನು. ಆದರೆ ಕೈಗೆ ಬುದ್ಧಿ ಹೇಳುವವರು ಯಾರು? ಹೆಬ್ಬಾಳದ ಮೇಲ್ಸೇತುವೆ ಇಳಿಯುವಾಗ ಎಡಕ್ಕೆ ಸರಿಯಲು ಬಲಗೈ ತನ್ನ ಹಳೆಯ ಚಾಳಿಯಂತೆ ಬಲಗಡೆಯ ಕಡ್ಡಿಯನ್ನು ಮೇಲೆತ್ತಿತು. ಓಡುತ್ತಿದ್ದ ಗಾಡಿ ರಿವರ್ಸಿಗೆ ಹೋಗದೆ ನ್ಯೂಟ್ರಲ್‌ಗೆ ಬಿತ್ತು. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ದೂರದಲ್ಲೆಲ್ಲೋ ಗುರುಗುಟ್ಟುತ್ತದೆ, ಗಾಡಿಗೆ ಮಾತ್ರ ವೇಗವಿಲ್ಲ. ಹಿಂದೆ ಒಂದು ಬಸ್ಸು. ಮೇಷ್ಟ್ರು ಕೈ ಚಾಚಿ ಕಡ್ಡಿಯನ್ನು ಕೆಳಗೆ ತಟ್ಟಿ, ಬೈಯದೆ, ‘ಎಡಕ್ಕೆ ಹೋಗುವುದನ್ನು ಗೇರ್‌ಬಾಕ್ಸಿಗೆ ಹೇಳಿದೆ, ರಸ್ತೆಯವರಿಗೆ ಹೇಳಲಿಲ್ಲ’ ಎಂದರು.

ನಾಲ್ಕು ದಿನ ಬಲಗೈಯ ಬೆರಳುಗಳಿಗೆ ಕರವಸ್ತ್ರ ಸುತ್ತಿಕೊಂಡು ಓಡಿಸಿದೆ, ಕಡ್ಡಿ ಮುಟ್ಟಿದೊಡನೆ ಎಚ್ಚರವಾಗಲಿ ಎಂದು. ಆ ಚಟ ಬಿಟ್ಟಿತು, ಬದಲಿಗೆ ಇನ್ನೊಂದು ಹಿಡಿಯಿತು. ಸಂಜೆ ಇನ್ನೋವಾ ಹತ್ತಿ ತಿರುವಿನಲ್ಲಿ ಎಡಗೈ ಆಡಿಸಿದರೆ, ಬಿಸಿಲಿನಲ್ಲಿ ವೈಪರ್ ಬರಬರ ಎಂದು ಗಾಜನ್ನು ಉಜ್ಜುತ್ತಿತ್ತು.

ಗಾಡಿಯ ಉದ್ದ ಐದೂಕಾಲು ಮೀಟರ್. ಅದನ್ನು ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ತಿರುಗಿಸುವುದು ಸಣ್ಣ ಅಡುಗೆಮನೆಯಲ್ಲಿ ಏಣಿ ಹೊತ್ತು ತಿರುಗಿದ ಹಾಗೆ. ಮೇಲಿನಿಂದ ನೋಡಿದಂತೆ ಚಿತ್ರ ತೋರಿಸುವ ಕ್ಯಾಮೆರಾಗಳಿವೆ, ಅಂಚು ಹತ್ತಿರವಾದರೆ ಕೂಗುವ ಸೆನ್ಸರ್‌ಗಳಿವೆ. ನನಗೆ ಹೆಚ್ಚು ನೆರವಾದದ್ದು ಮಾತ್ರ ಬಾನೆಟ್ಟಿನ ತುದಿಯಲ್ಲಿ ನಿಂತಿರುವ ಮೂರು ಕಡ್ಡಿಯ ನಕ್ಷತ್ರ. ನೆಲ, ಜಲ, ಆಕಾಶ ಮೂರರಲ್ಲೂ ತಮ್ಮ ಎಂಜಿನ್ ಓಡಲಿ ಎಂಬ ಆಸೆಯಿಂದ ಕಂಪನಿಯವರು ಇಟ್ಟುಕೊಂಡ ಗುರುತು ಅದು. ನನಗೆ ಅದು ಬಂದೂಕಿನ ತುದಿಯಲ್ಲಿ ಗುರಿ ಹಿಡಿಯಲು ಇರುವ ಮಕ್ಷಿಕೆಯಂತೆ. ರಸ್ತೆಯ ಎಡ ಅಂಚು ನಕ್ಷತ್ರಕ್ಕೆ ತಾಗಿದಂತೆ ಕಂಡರೆ ಎಡ ಚಕ್ರ ಎಲ್ಲಿದೆ ಎಂಬ ಲೆಕ್ಕ ಒಂದು ವಾರದಲ್ಲಿ ಕಣ್ಣಿಗೆ ಕೂತಿತು. ಬುಡದಲ್ಲಿ ಸ್ಪ್ರಿಂಗ್ ಇರುವುದರಿಂದ ತಳ್ಳಿದರೆ ಬಾಗಿ ಮತ್ತೆ ನೆಟ್ಟಗಾಗುತ್ತದೆ. ಮದುವೆ ಮಂಟಪದ ಮುಂದೆ ನಿಲ್ಲಿಸಿದರೆ ಮಕ್ಕಳಿಗೆಲ್ಲ ಅದನ್ನು ಒಮ್ಮೆ ಬಗ್ಗಿಸಿ ನೋಡಲೇಬೇಕು. ಕೆಲವು ದೊಡ್ಡವರಿಗೂ.

ಅಂದ ಹಾಗೆ, ಈ ಗಾಡಿಯ ಡಿಸೈನ್ ಬಗ್ಗೆ ನನಗೂ ಒಂದು ಅಭಿಪ್ರಾಯವಿದೆ. ದಿನಾ ಬೆಳಿಗ್ಗೆ ಒದ್ದೆ ಬಟ್ಟೆ ಹಿಡಿದು ಒರೆಸುವವನ ಅಂಗೈಗೆ ತಿಳಿಯುವಷ್ಟು ಕಾರಿನ ಆಕಾರ ಬೇರಾರಿಗೂ ತಿಳಿಯುವುದಿಲ್ಲ. ಮುಂದಿನ ಚಕ್ರದ ಮೇಲಿನಿಂದ ಹೊರಡುವ ಗೆರೆಯೊಂದು ಎರಡು ಬಾಗಿಲುಗಳನ್ನು ದಾಟಿ ಹಿಂದಕ್ಕೆ ಹೋಗುತ್ತ ಮೆಲ್ಲಗೆ ಕೆಳಗಿಳಿಯುತ್ತದೆ, ಸೀರೆಯ ಸೆರಗು ಭುಜದಿಂದ ಜಾರಿದ ಹಾಗೆ. ಬಟ್ಟೆ ಅದರ ಮೇಲೆ ಎಲ್ಲಿಯೂ ತಡೆಯುವುದಿಲ್ಲ. ನಮ್ಮ 350ಡಿ ಸೇರಿದ ಎಸ್ ಕ್ಲಾಸ್ ಸಾಲಿನ ಈ ತಲೆಮಾರು 2013ರಲ್ಲಿ ಬಂದಾಗ ಇಡೀ ಗಾಡಿಯಲ್ಲಿ ಒಂದೇ ಒಂದು ಹಳೆಯ ಕಾಲದ ಬಲ್ಬ್ ಇರಲಿಲ್ಲ, ಎಲ್ಲವೂ ಎಲ್‌ಇಡಿ. ಭಾರತಕ್ಕೆ ಕಾಲಿಟ್ಟದ್ದು 2014ರ ಜನವರಿಯಲ್ಲಿ. ಅದೇ ವರ್ಷ ಮೇ ತಿಂಗಳಲ್ಲಿ ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಿಡರ್ ತಯಾರಿಕೆ ನಿಂತಿತು. ನನ್ನ ಮಟ್ಟಿಗೆ ಒಂದು ಬಂದದ್ದು, ಒಂದು ಹೋದದ್ದು ಎರಡೂ ಆ ಒಂದೇ ವರ್ಷದಲ್ಲಿ. ಒಳಗೆ ಮರದ ಹಲಗೆ, ನಾಲ್ಕು ದುಂಡು ಎಸಿ ಕಿಂಡಿ, ನಡುವೆ ಮುಳ್ಳಿನ ಗಡಿಯಾರ ಬಹಳ ಚೆನ್ನ. ಹೊಳಪಿನ ಕಪ್ಪು ಹಲಗೆಗಳನ್ನು ಮಾತ್ರ ಒರೆಸುವವನ ಮೇಲಿನ ಸಿಟ್ಟಿಗೆ ಹಾಕಿರಬೇಕು: ಒಂದು ಬೆರಳು ತಾಗಿದರೆ ಸಾಕು, ಪೊಲೀಸರಿಗೆ ಸಾಕ್ಷಿ ಸಿಗುವಷ್ಟು ಸ್ಪಷ್ಟ ಗುರುತು. 2020ರಲ್ಲಿ ಬಂದ ಮುಂದಿನ ತಲೆಮಾರಿನಲ್ಲಿ ಇಪ್ಪತ್ತೇಳು ಗುಂಡಿಗಳನ್ನು ತೆಗೆದು ಎಲ್ಲವನ್ನೂ ದೊಡ್ಡ ಪರದೆಯೊಳಗೆ ಸೇರಿಸಿದ್ದಾರೆ. ನನಗೆ ಗುಂಡಿಯೇ ಇಷ್ಟ. ಕಣ್ಣು ರಸ್ತೆಯ ಮೇಲಿದ್ದಾಗ ಬೆರಳಿಗೆ ಗುಂಡಿ ಸಿಗುತ್ತದೆ, ಪರದೆ ಸಿಗುವುದಿಲ್ಲ.

ಎರಡನೆಯ ವಾರ ಹಂಪ್‌ಗಳ ವಾರ. ರಸ್ತೆ ಉಬ್ಬು ಹೇಗಿರಬೇಕೆಂದು ರಸ್ತೆ ಎಂಜಿನಿಯರುಗಳ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಅಳತೆ ಇದೆ: ಅಗಲ 3.7 ಮೀಟರ್, ಎತ್ತರ ಹತ್ತು ಸೆಂಟಿಮೀಟರ್. ಅಂದರೆ ಅದು ಗುಡ್ಡದಂತೆ ಹತ್ತಿ ಇಳಿಯಬೇಕು, ಗೋಡೆಯಂತೆ ಅಡ್ಡ ನಿಲ್ಲಬಾರದು. ನಮ್ಮ ಬಡಾವಣೆಗಳಲ್ಲಿ ಮಿಕ್ಕ ಡಾಂಬರನ್ನು ರಾತ್ರಿ ಸುರಿದು ಬೆಳಿಗ್ಗೆ ಹಂಪ್ ಎನ್ನುತ್ತಾರೆ. ಉದ್ದ ಗಾಡಿಗೆ ಇದು ಶಾಪ. ಮುಂದಿನ ಚಕ್ರ ಇಳಿದಿರುತ್ತದೆ, ಹಿಂದಿನದು ಇನ್ನೂ ಹತ್ತಿರುವುದಿಲ್ಲ, ನಡುವೆ ಮೂರು ಮೀಟರ್ ಹೊಟ್ಟೆ ಉಬ್ಬಿನ ಮೇಲೆ ಜೋತಾಡುತ್ತದೆ. ಇದರಲ್ಲಿ ಕಬ್ಬಿಣದ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ಸಸ್ಪೆನ್ಷನ್ ಇದೆ. ಗುಂಡಿಯೊಂದನ್ನು ಒತ್ತಿದರೆ ಗಾಡಿ ಮೂರು ಸೆಂಟಿಮೀಟರಿನಷ್ಟು ಮೇಲೇಳುತ್ತದೆ. ಆದರೆ ಏಳಲು ಸ್ವಲ್ಪ ಹೊತ್ತು ಬೇಕು. ಹಂಪ್ ಕಂಡ ಮೇಲೆ ಒತ್ತಿದರೆ ಏನೂ ಪ್ರಯೋಜನವಿಲ್ಲ, ಬಡಾವಣೆಯ ತಿರುವಿನಲ್ಲೇ ಒತ್ತಿಕೊಂಡು ಹೋಗಬೇಕು.

ಮೇಷ್ಟ್ರು ಹೇಳಿಕೊಟ್ಟ ಉಪಾಯ ಮೂರು ಸೆಂಟಿಮೀಟರಿಗಿಂತ ದೊಡ್ಡದು. ನಾವೆಲ್ಲ ಹಂಪ್ ಹತ್ತುವ ಕ್ಷಣದವರೆಗೂ ಬ್ರೇಕ್ ಒತ್ತಿಯೇ ಇರುತ್ತೇವೆ. ಬ್ರೇಕ್ ಒತ್ತಿದಾಗ ಗಾಡಿ ಮೂತಿ ತಗ್ಗಿಸುತ್ತದೆ, ತಗ್ಗಿದ ಮೂತಿಯೇ ಮೊದಲು ಉಬ್ಬಿಗೆ ಬಡಿಯುತ್ತದೆ. ಒಂದು ಮಾರು ಮುಂಚೆಯೇ ಬ್ರೇಕ್ ಪೂರ್ತಿ ಬಿಟ್ಟರೆ ಮೂತಿ ತಾನಾಗಿ ಏಳುತ್ತದೆ, ಆಗ ಹತ್ತಬೇಕು. ಹತ್ತುವಾಗಲೂ ನೇರವಾಗಿ ಅಲ್ಲ, ಜಾಗವಿದ್ದರೆ ಓರೆಯಾಗಿ, ಒಂದೊಂದೇ ಚಕ್ರ. ಇದನ್ನು ಕಲಿಯುವ ಮೊದಲು ನಾನೊಮ್ಮೆ ಹೊಟ್ಟೆ ಉಜ್ಜಿಸಿದೆ. ‘ಗರ್ರ್’ ಎಂಬ ಆ ಸದ್ದು ಅಷ್ಟು ನಿಶ್ಶಬ್ದದ ಗಾಡಿಯಲ್ಲಿ ಕೇಳಿದಾಗ ನನ್ನ ಹಲ್ಲೇ ನೆಲಕ್ಕೆ ಉಜ್ಜಿದಂತಾಯಿತು. ಇಬ್ಬರೂ ಇಳಿದು, ರಸ್ತೆಯ ಮೇಲೆ ಮಲಗಿ, ಮೊಬೈಲ್ ಟಾರ್ಚ್ ಹಾಕಿ ನೋಡಿದೆವು. ಪ್ಲಾಸ್ಟಿಕ್ ಕವಚದ ಮೇಲೆ ಒಂದು ಗೀರು, ಅಷ್ಟೇ. ಆ ದಿನ ಮಾತ್ರ ಮೇಷ್ಟ್ರ ಬಿಳಿ ಷರಟಿಗೆ ಕೊಳೆಯಾಯಿತು.

ಅದಾದ ಮೇಲೆ ಕಾಫಿಯ ಪರೀಕ್ಷೆ. 1989ರಲ್ಲಿ ಜಪಾನಿನ ಲೆಕ್ಸಸ್‌ನವರು ತಮ್ಮ ಎಲ್‌ಎಸ್ 400 ಎಂಬ ದೊಡ್ಡ ಕಾರಿಗೆ ಒಂದು ಜಾಹೀರಾತು ಮಾಡಿದ್ದರು. ಬಾನೆಟ್ ಮೇಲೆ ಶಾಂಪೇನ್ ಗ್ಲಾಸುಗಳ ಗೋಪುರ ಕಟ್ಟಿ, ಗಾಡಿಯನ್ನು ರೋಲರುಗಳ ಮೇಲೆ ನಿಲ್ಲಿಸಿ ಜೋರಾಗಿ ಚಕ್ರ ತಿರುಗಿಸಿದರೂ ಒಂದು ಗ್ಲಾಸೂ ಬೀಳುವುದಿಲ್ಲ. ನಮ್ಮ ಮೇಷ್ಟ್ರದು ಅದಕ್ಕಿಂತ ಕಠಿಣ. ಹಿಂದಿನ ಸೀಟಿನ ನಡುವಿನ ಕೈಹಾಸಿನ ಮೇಲೆ ಹಳೆಯ ಬೆಡ್‌ಶೀಟ್ ಹಾಸಿ, ಸ್ಟೀಲಿನ ಬಟ್ಟಲಿನಲ್ಲಿ ಸ್ಟೀಲಿನ ಲೋಟ ಇಟ್ಟು, ಅಂಚಿನವರೆಗೆ ಕಾಫಿ ಹುಯ್ಯಿಸುತ್ತಿದ್ದರು. ರೋಲರ್ ಇಲ್ಲ, ಹೆಣ್ಣೂರು ರಸ್ತೆ. ನಿಯಮ ಸರಳ: ಬಟ್ಟಲಿಗೆ ಚೆಲ್ಲಿದ್ದು ನನಗೆ, ಲೋಟದಲ್ಲಿ ಉಳಿದದ್ದು ಮೇಷ್ಟ್ರಿಗೆ.

ಮೊದಲ ದಿನ ನನಗೆ ಅರ್ಧ ಲೋಟಕ್ಕಿಂತ ಹೆಚ್ಚು ಕಾಫಿ ಸಿಕ್ಕಿತು. ಮೂರನೆಯ ದಿನವೂ ಅಷ್ಟೇ. ಗುಟ್ಟು ಇರುವುದು ನಿಲ್ಲುವ ಕೊನೆಯ ಗೇಣಿನಲ್ಲಿ. ಬ್ರೇಕ್ ಒತ್ತಿದಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ. ಪೂರ್ತಿ ಒತ್ತಿದ ಹಾಗೇ ಗಾಡಿ ನಿಂತರೆ ಆ ಭಾರ ಒಮ್ಮೆಲೇ ಹಿಂದಕ್ಕೆ ಮರಳುತ್ತದೆ. ಅದೇ ಕತ್ತನ್ನು ಕುಲುಕುವುದು, ಕಾಫಿಯನ್ನು ಚೆಲ್ಲುವುದು. ಚಕ್ರ ಇನ್ನೇನು ನಿಲ್ಲುತ್ತದೆ ಎನ್ನುವಾಗ ಪಾದವನ್ನು ಮುಕ್ಕಾಲು ಸಡಿಲಿಸಬೇಕು. ಗಾಡಿ ತನ್ನ ಮೂತಿಯನ್ನು ಎತ್ತಿಕೊಂಡ ಮೇಲೆ ನಿಲ್ಲುತ್ತದೆ. ನಿಂತ ನಂತರ ಪೆಡಲನ್ನು ಮತ್ತೊಮ್ಮೆ ಅದುಮಿದರೆ ಮುಂದಿನ ಪರದೆಯಲ್ಲಿ ‘ಹೋಲ್ಡ್’ ಎಂದು ಮೂಡುತ್ತದೆ, ಕಾಲು ತೆಗೆದರೂ ಗಾಡಿ ಕದಲುವುದಿಲ್ಲ. ಬರೆಯುವುದು ಸುಲಭ. ಪಾದ ಮಾತ್ರ ಪ್ರತಿ ಸಲವೂ ಹೆದರುತ್ತದೆ, ಏಕೆಂದರೆ ಮುಂದಿನ ಗಾಡಿಯ ಬಂಪರ್ ಎರಡು ಅಡಿಯಲ್ಲಿರುವಾಗ ಬ್ರೇಕನ್ನು ಸಡಿಲಿಸು ಎಂದರೆ ಯಾವ ಡ್ರೈವರನ ಕಾಲು ಒಪ್ಪುತ್ತದೆ? ಆ ಹೆದರಿಕೆ ಹೋಗಬೇಕಾದರೆ ಮೂವತ್ತು ಅಡಿ ಹಿಂದಿನಿಂದಲೇ ಬ್ರೇಕ್ ಶುರುಮಾಡಬೇಕು. ಅದಕ್ಕೆ ಇನ್ನೂ ಹಿಂದಿನಿಂದಲೇ ನೋಡುತ್ತಿರಬೇಕು. ಕೊನೆಗೆ ಕಲಿತದ್ದು ಕಾಲಿನ ಕೆಲಸಕ್ಕಿಂತ ಕಣ್ಣಿನ ಕೆಲಸ.

ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ಎಬಿಎಸ್ ಗಾಡಿಯಲ್ಲಿದೆಯಲ್ಲ, ಅದು ಈ ಕೆಲಸಕ್ಕೆ ಬರುವುದಿಲ್ಲವೇ ಎಂದು ಕೇಳಿದ್ದೆ. ‘ಅದು ಪ್ರಾಣ ಉಳಿಸಲು. ಕಾಫಿ ಉಳಿಸುವವನು ನೀನು’ ಎಂದರು. ಆಗಲೇ ತಿಳಿದದ್ದು, ಎಲೆಕ್ಟ್ರಾನಿಕ್ ಎಬಿಎಸ್ ಬ್ರೇಕನ್ನು ಬೆಂಜ್‌ನವರು 1978ರಲ್ಲೇ ಆಗಿನ ಎಸ್ ಕ್ಲಾಸಿಗೆ ಹಾಕಿದ್ದರು ಎಂದು. ನಮ್ಮಲ್ಲಿ ಎಲ್ಲ ಹೊಸ ಕಾರುಗಳಿಗೂ ಅದು ಕಡ್ಡಾಯವಾದದ್ದು 2019ರಲ್ಲಿ. ಏರ್‌ಬ್ಯಾಗಿನದೂ ಹೆಚ್ಚುಕಡಿಮೆ ಇದೇ ಕಥೆ. ಇವತ್ತು ಸಾಹುಕಾರರ ಹಿಂದಿನ ಸೀಟಿನಲ್ಲಿರುವುದು ನಲವತ್ತು ವರ್ಷಗಳಿಗೆ ಟ್ಯಾಕ್ಸಿಗೆ ಇಳಿಯುತ್ತದೆ. ಮಸಾಜ್ ಬರುವ ಹೊತ್ತಿಗೆ ನಾನಿರುವುದಿಲ್ಲ.

ಹದಿನೇಳನೆಯ ದಿನ ಬಟ್ಟಲಿನಲ್ಲಿ ಒಂದು ತೆಳು ಉಂಗುರದಷ್ಟು ಕಾಫಿ ಬಿಟ್ಟರೆ ನನಗೇನೂ ಸಿಗಲಿಲ್ಲ. ಮೇಷ್ಟ್ರು ಲೋಟ ಎತ್ತಿ, ಆರಿಹೋದ ಕಾಫಿಯನ್ನು ಪೂರ್ತಿ ಕುಡಿದು, ‘ಸಕ್ಕರೆ ಕಡಿಮೆ’ ಎಂದರು. ಪಾಸಾದೆ ಎಂದು ಅದರಿಂದಲೇ ತಿಳಿಯಿತು.

ಬಾಗಿಲಿನ ಪಾಠವನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸಿದರು. ಬಾಗಿಲನ್ನು ಬಡಿಯಬಾರದು, ಚೌಕಟ್ಟಿಗೆ ತಾಗಿಸಿದರೆ ಸಾಕು, ಮಿಕ್ಕದ್ದನ್ನು ಅದೇ ಎಳೆದುಕೊಂಡು ಮುಚ್ಚಿಕೊಳ್ಳುತ್ತದೆ. ಮುಚ್ಚಿಕೊಳ್ಳುವಾಗ ಯಾರ ಬೆರಳೂ, ಸೀರೆಯ ಅಂಚೂ ನಡುವೆ ಇರಬಾರದು. ಸೆಂಟ್ ಬಳಿದುಕೊಂಡು ಬರಬಾರದು. ಗ್ಲೋವ್ ಬಾಕ್ಸಿನೊಳಗೆ ಗಾಡಿಯದೇ ಪರಿಮಳದ ಬಾಟಲಿ ಇದೆ, ಎರಡು ವಾಸನೆ ಜಗಳವಾಡಬಾರದು. ಬೆಳ್ಳುಳ್ಳಿ ಹಾಕಿದ ಚಟ್ನಿಯನ್ನು ಡ್ಯೂಟಿ ಮುಗಿದ ಮೇಲೆ ತಿನ್ನಬೇಕು. ಇದನ್ನು ಪಾಲಿಸುವುದು ಬ್ರೇಕಿಗಿಂತ ಕಷ್ಟವಾಯಿತು.

ಇಷ್ಟೆಲ್ಲ ಆದರೂ ಗಾಡಿಯ ಶಕ್ತಿಯನ್ನು ನಾನು ಕಂಡೇ ಇರಲಿಲ್ಲ. ಒಂದು ಮುಂಜಾನೆ, ಐದು ಗಂಟೆಗೆ, ವಿಮಾನ ನಿಲ್ದಾಣದಲ್ಲಿ ಒಬ್ಬರನ್ನು ಬಿಟ್ಟು ಖಾಲಿ ಬರುವಾಗ ಮೇಷ್ಟ್ರು, ‘ಟೋಲ್ ದಾಟಿದ ಮೇಲೆ ಒಮ್ಮೆ ಪೂರ್ತಿ ಒತ್ತು. ನಿನ್ನ ಬಳಿ ಏನಿದೆ ಎಂದು ನಿನಗೆ ಗೊತ್ತಿರಬೇಕು’ ಎಂದರು. ರಸ್ತೆ ಖಾಲಿಯಿತ್ತು. ಒತ್ತಿದೆ. ಸಾಲಾಗಿ ನಿಂತ ಆರು ಸಿಲಿಂಡರಿನ ಮೂರು ಲೀಟರ್ ಡೀಸೆಲ್ ಎಂಜಿನ್, 286 ಅಶ್ವಶಕ್ತಿ, 600 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ. ನನ್ನ ಇನ್ನೋವಾ ಕ್ರಿಸ್ಟಾದ ಟಾರ್ಕ್ 343. ಮೂತಿ ಒಂದಿಷ್ಟು ಎದ್ದಿತು, ಬೆನ್ನನ್ನು ಯಾರೋ ದೊಡ್ಡ ಅಂಗೈಯಿಂದ ತಳ್ಳಿದಂತಾಯಿತು. ಆರು ಸೆಕೆಂಡಿನಲ್ಲಿ ನೂರು ಮುಟ್ಟುತ್ತದೆ ಎಂದು ಕಾಗದದಲ್ಲಿ ಓದಿದ್ದೆ, ನಾನು ಎಂಬತ್ತಕ್ಕೇ ಕಾಲು ತೆಗೆದೆ. ಡೀಸೆಲ್ ಗಾಡಿಯ ಆ ಕಟಕಟ ಎಲ್ಲಿಯೂ ಇಲ್ಲ. ಸಾಲು ಆರರ ಗುಣವೇ ಅದು: ಮುಂದಿನ ಮೂರು ಪಿಸ್ಟನ್‌ಗಳು ಹಿಂದಿನ ಮೂರಕ್ಕೆ ಕನ್ನಡಿಯ ಬಿಂಬದಂತೆ ಆಡುವುದರಿಂದ ಒಂದರ ಅಲುಗಾಟವನ್ನು ಇನ್ನೊಂದು ನುಂಗಿಕೊಳ್ಳುತ್ತದೆ. ಅಪಾಯವೂ ಅದರಲ್ಲೇ ಇದೆ. ಸದ್ದಿಲ್ಲ, ನಡುಕವಿಲ್ಲ, ನೂರರಲ್ಲಿ ಹೋಗುತ್ತಿದ್ದರೂ ಅರವತ್ತರಂತೆ ತೋರುತ್ತದೆ. ಈ ಗಾಡಿಯಲ್ಲಿ ಸ್ಪೀಡೋಮೀಟರನ್ನು ಇನ್ನೋವಾಕ್ಕಿಂತ ಎರಡು ಪಟ್ಟು ನೋಡುತ್ತೇನೆ. ‘ಗೊತ್ತಾಯಿತಲ್ಲ, ಈಗ ಮರೆತುಬಿಡು’ ಎಂದರು ಮೇಷ್ಟ್ರು. ಬಳಸದ ಶಕ್ತಿಯೂ ಕೆಲಸಕ್ಕೆ ಬರುತ್ತದೆ. ಏರಿನಲ್ಲಿ ಗೇರ್ ಇಳಿಸಿ ಒದ್ದಾಡಬೇಕಿಲ್ಲ, ಓವರ್‌ಟೇಕ್ ಮಾಡುವಾಗ ಗದ್ದಲವಿಲ್ಲ, ಪಾದವನ್ನು ಒಂದು ಕಾಳಿನಷ್ಟು ಒತ್ತಿದರೆ ಆಯಿತು.

ನಾನೊಬ್ಬನೇ ಹೋದ ಮೊದಲ ಡ್ಯೂಟಿ ಮೈಸೂರಿನದು. ಒಬ್ಬ ಉದ್ಯಮಿ ತಮ್ಮ ತಾಯಿಯನ್ನು ಮೈಸೂರಿನಿಂದ ಬೆಂಗಳೂರಿಗೆ ಕರೆಸಿಕೊಳ್ಳುತ್ತಿದ್ದರು. ಹೊಸ ಎಕ್ಸ್‌ಪ್ರೆಸ್‌ವೇ ಆಗಷ್ಟೇ ತೆರೆದಿತ್ತು. ಎಂಬತ್ತು ದಾಟಿದ ಅಜ್ಜಿ, ಜೊತೆಗೆ ಅವರನ್ನು ನೋಡಿಕೊಳ್ಳುವ ಹೆಂಗಸು. ಎಸಿ 23ಕ್ಕೆ, ಹಿಂದಿನ ಪರದೆ ಅರ್ಧಕ್ಕೆ, ಎಡ ಸೀಟಿನ ಬೆನ್ನು ಒರಗಿಸಿ, ಕಾಲಿನ ಹಾಸು ಎತ್ತಿ, ನೀರಿನ ಬಾಟಲಿ ಇಟ್ಟು, ಬಾಗಿಲು ತೆರೆದು ನಿಂತೆ. ಅಜ್ಜಿ ಕೋಲೂರಿಕೊಂಡು ಬಂದು ಒಳಗೆ ಇಣುಕಿ ನೋಡಿ, ‘ನಾನು ಹಿಂದೆ ಕೂರುವುದಿಲ್ಲಪ್ಪ, ನನಗೆ ವಾಂತಿ ಬರುತ್ತದೆ’ ಎಂದರು.

‘ಅಮ್ಮ, ಇದರಲ್ಲಿ ಹಾಗಾಗುವುದಿಲ್ಲ, ಗಾಡಿ ಅಲುಗಾಡುವುದೇ ಇಲ್ಲ.’

‘ಅಲುಗಾಡದೆ ತೇಲಿದರೆ ಇನ್ನೂ ಹೆಚ್ಚು ಬರುತ್ತದೆ. ಮುಂದೆ ಕೂರುತ್ತೇನೆ, ರಸ್ತೆ ಕಾಣಬೇಕು.’

ಅವರ ಮಾತು ಸುಳ್ಳಲ್ಲ. ಗಾಳಿಯ ಸಸ್ಪೆನ್ಷನ್ ಮೇಲೆ ದೊಡ್ಡ ಗಾಡಿ ದೋಣಿಯ ಹಾಗೆ ತುಸು ತೂಗುತ್ತದೆ. ಹಿಂದೆ ಒರಗಿ ಮೊಬೈಲ್ ನೋಡುತ್ತ ಕೂತ ಕೆಲವರು ಅರ್ಧ ದಾರಿಯಲ್ಲಿ ಕಿಟಕಿ ಇಳಿಸುವುದನ್ನು ಆಮೇಲೆ ನಾನೂ ಕಂಡಿದ್ದೇನೆ. ಕೊನೆಗೆ ಕೋಟಿ ರೂಪಾಯಿಯ ಹಿಂದಿನ ಸೀಟಿನಲ್ಲಿ ಸಹಾಯಕಿ ಕೂತರು, ಮುಂದೆ ಡ್ರೈವರನ ಪಕ್ಕದಲ್ಲಿ ಅಜ್ಜಿ. ಅಜ್ಜಿಯ ಕೈಯಲ್ಲಿ ಒಂದು ನಿಂಬೆಹಣ್ಣು. ಆಗಾಗ ಅದನ್ನು ಉಗುರಿನಿಂದ ಗೀರಿ ಮೂಸುತ್ತಿದ್ದರು. ಗ್ಲೋವ್ ಬಾಕ್ಸಿನ ಜರ್ಮನ್ ಪರಿಮಳ ಶ್ರೀರಂಗಪಟ್ಟಣ ಬರುವಷ್ಟರಲ್ಲಿ ಸೋತು ಸುಮ್ಮನಾಯಿತು.

ನನಗೆ ಕಲಿಸಿದ ಪಾಠವೆಲ್ಲ ಹಿಂದೆ ಕೂತವರಿಗೆ ಡ್ರೈವರ್ ಇದ್ದಾನೆಂಬುದೇ ಗೊತ್ತಾಗಬಾರದು ಎಂಬುದು. ಪಕ್ಕದಲ್ಲಿ ಕೂತು ಪ್ರಶ್ನೆ ಕೇಳುವವರ ಮುಂದೆ ಮಾಯವಾಗುವುದು ಹೇಗೆ? ಯಾವ ಊರು, ಎಷ್ಟು ಮಕ್ಕಳು, ದೊಡ್ಡವಳಿಗೆ ಮದುವೆ ಗೊತ್ತಾಯಿತೇ? ಮೈಲೇಜ್ ಎಷ್ಟು? ಪೇಟೆಯಲ್ಲಿ ಎಂಟೊಂಬತ್ತು, ಇಂಥ ರಸ್ತೆಯಲ್ಲಿ ಹದಿಮೂರು ಎಂದೆ. ‘ನನ್ನ ಮಗನಿಗೆ ಮೊದಲಿನಿಂದಲೂ ಲೆಕ್ಕ ಬರುವುದಿಲ್ಲ’ ಎಂದರು. ಹಿಂದೆ ಸಹಾಯಕಿ ಮಸಾಜ್ ಗುಂಡಿ ಹುಡುಕಿಕೊಂಡು ಒತ್ತಿದ್ದರು. ಕನ್ನಡಿಯಲ್ಲಿ ನೋಡಿದೆ: ಕಣ್ಣು ಮುಚ್ಚಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ಮಂಡ್ಯ ಹೋದದ್ದು ಅವರಿಗೆ ಗೊತ್ತಾಗಲಿಲ್ಲ.

ಅಜ್ಜಿಗೆ ಗೊತ್ತಾಯಿತು. ‘ಮದ್ದೂರು ಬರಬೇಕಲ್ಲ ಈಗ, ವಡೆ ಅಂಗಡಿ ಎಲ್ಲಿ?’ ಹೊಸ ರಸ್ತೆ ಅಂಗಡಿಗಳ ಮುಂದೆ ಹಾಯುವುದಿಲ್ಲ, ಇಳಿದು ಹೋಗಬೇಕು ಎಂದೆ. ‘ಇಳಿ.’ ಸರ್ವಿಸ್ ರಸ್ತೆಗೆ ಇಳಿದೆ. ಎದುರಿಗೇ ನನ್ನ ಹಳೆಯ ಶತ್ರು, ಚೂಪು ಬೆನ್ನಿನ ಒಂದು ಹಂಪ್. ಗುಂಡಿ ಒತ್ತಿ, ಮಾರು ದೂರದಲ್ಲೇ ಬ್ರೇಕ್ ಬಿಟ್ಟು, ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ಇಳಿಸಿದೆ. ಸದ್ದಾಗಲಿಲ್ಲ. ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ಹೋಲ್ಡ್ ಹಾಕಿ ಕೂತೆ. ಅಜ್ಜಿ ಮುಂದೆ ನೋಡುತ್ತಲೇ ಇದ್ದರು. ಸ್ವಲ್ಪ ಹೊತ್ತಾದ ಮೇಲೆ ನನ್ನ ಕಡೆ ತಿರುಗಿ, ‘ನಿಂತಿದೆಯೇನೋ ಗಾಡಿ?’ ಎಂದರು.

ವಡೆಯನ್ನು ಕಾರಿನೊಳಗೆ ತಿನ್ನುವಂತಿಲ್ಲ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ಒಂದನ್ನು ಮುರಿದು ಅರ್ಧ ನನ್ನ ಕೈಗಿಟ್ಟರು.

ಮರುದಿನ ಬೆಳಿಗ್ಗೆ ಒರೆಸುವಾಗ ಹೊಳಪಿನ ಕಪ್ಪು ಹಲಗೆಯ ಮೇಲೆ ಎಣ್ಣೆಯ ಐದು ಬೆರಳು ಮೂಡಿದ್ದವು. ಸೀಟಿನ ಸಂದಿಯಲ್ಲಿ ಈರುಳ್ಳಿಯ ಚೂರು. ಕಪ್ ಇಡುವ ಗುಳಿಯಲ್ಲಿ ಗೀರುಗೀರಾದ ನಿಂಬೆಹಣ್ಣು. ಮೇಷ್ಟ್ರು ಬಂದು ಬಾಗಿಲು ತೆರೆದು ಮೂಗು ಅರಳಿಸಿದರು.

‘ಯಾರು ಬಂದಿದ್ದರು?’

ನಿಂಬೆಹಣ್ಣು ತೋರಿಸಿದೆ. ಕೈಗೆ ತೆಗೆದುಕೊಂಡು ಹಿಸುಕಿ ನೋಡಿದರು. ಇನ್ನೂ ರಸವಿತ್ತು. ಶೆಡ್ಡಿನ ಹುಡುಗನನ್ನು ಕರೆದು, ‘ಇದನ್ನು ಹಿಂಡಿ ಎರಡು ಲೆಮನ್ ಟೀ ಮಾಡಿಸು. ಸಕ್ಕರೆ ಸ್ವಲ್ಪ ಜಾಸ್ತಿ’ ಎಂದರು.